ಸಾಲಿನ ಕೊನೆಯಲ್ಲಿ ಯೆನಿಯ ಬೆರಳು

ಬೆರಳು, ಉಗುರಲ್ಲಿ ಆಲೂಗಡ್ಡೆ ಹೊಲದ ಮಣ್ಣು, ಇರುವೆಯ ಹಾಗೆ ಪುಸ್ತಕದ ಸಾಲಿನ ಮೇಲೆ ಹೊರಟಿದೆ, ದೊಮಿತಿಲಾ ಅದನ್ನೇ ನೋಡುತ್ತಿದ್ದಾಳೆ — ಕಿಟಕಿಯಾಚೆ ತಿತಿಕಾಕಾ ಸರೋವರ ಕಣ್ಣು ಕುಕ್ಕುತ್ತಿದೆ, ಇರಲಿ, ಗಂಟೆ ಹೊಡೆದರೆ ಮೇಷ್ಟ್ರು ವಿಲ್ಬರ್ ಬರುತ್ತಾನೆ, ಹೇಳಿಬಿಟ್ಟಿದ್ದಾನೆ, ಇವತ್ತೂ ಓದದಿದ್ರೆ ಯೆನೀನ ಕೆಳಗಿನ ಕ್ಲಾಸಿಗೆ ಕಳಿಸ್ತೀನಿ ದೊಮಿತಿಲಮ್ಮ, ಬೇಜಾರು ಮಾಡ್ಕೋಬೇಡಿ, ರಿಟೈರಾದ ನರ್ಸಮ್ಮ ನೀವು ಪುಗಸಟ್ಟೆ ಬಂದು ಪಾಠ ಹೇಳ್ತೀರಲ್ಲ, ಅದೇ ದೊಡ್ಡದು — ದೊಡ್ಡದಂತೆ ದೊಡ್ಡದು, ಪುಟಾಣಿಗಳ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ತಲೆ ತಗ್ಗಿಸಿ ಕೂರಬೇಕಾದವಳು ಈ ಮಗು ತಾನೆ, ದೋಣಿ ಸರೋವರ ದಾಟಿತು, ಮೊದಲ ಸಾಲು ಯಾವತ್ತೂ ಸಲೀಸು, ಎರಡನೆಯದಕ್ಕೇ ಎಡವಟ್ಟು, ಕಾದಿತ್ತು... ಕುರಿ... ಒಂದು... ದಡದಲ್ಲಿ, ಬಾಯಿಗೆ ಬಂದಿದ್ದು ಹೇಳ್ತಾಳೆ ಅಂತ ಮೇಷ್ಟ್ರು, ಕಣ್ಣು ಮಂಜೇನೋ ಅಂತ ದೊಮಿತಿಲಾ, ಪರೀಕ್ಷೆ ಮಾಡಿ ನೋಡಿದರೆ ಹದ್ದಿನ ಕಣ್ಣು — ತಡಿ, ಬೆರಳು, ಸಾಲಿನ ಕೊನೆಗೆ ಹೋಗಿ ಅಲ್ಲೇ ಕೆಳಗಿಳಿದು ಬಲದಿಂದ ಎಡಕ್ಕೆ ವಾಪಸು ಬರುತ್ತಿದೆ, ಈ ನಡಿಗೆ ಎಲ್ಲೋ ನೋಡಿದ್ದು, ಅಂಗಳದಲ್ಲಿ ಅವ್ವ, ನೆಲಕ್ಕೆ ಗೂಟ ಹೊಡೆದ ಮಗ್ಗ, ಹೊಕ್ಕಿನ ನೂಲು ಆ ಅಂಚಿಗೆ ಹೋಗಿ ತಿರುಗಿ ಈ ಅಂಚಿಗೆ, ಈ ದ್ವೀಪದ ಕೂಸುಗಳೆಲ್ಲ ಮಾತು ಬರುವ ಮೊದಲೇ ನೋಡಿಕೊಂಡು ಬೆಳೆಯುವುದು ಅದನ್ನೇ, ಅಯ್ಯೋ ನನ್ನ ತಾಯಿ, ಈ ಮಗು ಪುಸ್ತಕವನ್ನು ನೇಯುತ್ತಿದೆ, ವರ್ಷವಿಡೀ ನೇಯ್ದಿದೆ, ಯಾರ ಕಣ್ಣಿಗೂ ಬೀಳಲಿಲ್ಲ.

ಪುಟ್ಟಿ, ಇಲ್ಲಿ ನೂಲು ಕತ್ತರಿಸು, ಮತ್ತೆ ಆ ಎಡಗಡೆ ಅಂಚಿಂದ ಶುರು ಮಾಡು, ಪ್ರತಿ ಸಾಲಿಗೂ — ಕತ್ತರಿಸಿದ್ರೆ ಬಟ್ಟೆ ಬಿಚ್ಚೋಗಲ್ವಾ ಅಜ್ಜಿ, ನಿಂಗೆ ನೇಯೋಕೆ ಬರಲ್ವಾ — ಬರತ್ತೆ ಕಣೇ ಬಾಯಿಬಡಕಿ, ಪುಸ್ತಕ ಬಿಚ್ಚೋಗಲ್ಲ, ಗೋಂದು ಹಾಕಿರ್ತಾರೆ, ಓದು — ಅನುಮಾನದಿಂದಲೇ ಬೆರಳು ಎದ್ದಿತು, ಎಡಕ್ಕೆ ಹಾರಿತು, ದಡದಲ್ಲಿ, ಒಂದು, ಕುರಿ, ಕಾದಿತ್ತು, ಅಷ್ಟೇ, ಬೆರಳು ನಿಂತಿತು, ಮುಖ ಮೇಲಕ್ಕೆ ಬಂತು, ಅಜ್ಜಿ, ಯಾರಿಗೆ ಕಾಯ್ತಿತ್ತು ಕುರಿ — ದೊಮಿತಿಲಾಗೆ ಮೈ ಜುಮ್ಮೆಂದಿತು, ಎಷ್ಟು ಹೆರಿಗೆ ಮಾಡಿಸಿದರೂ ಪ್ರತಿ ಸಲ ಮೊದಲ ಅಳು ಕೇಳಿದಾಗ ಹೀಗೇ, ಒಳಗಿತ್ತಲ್ಲ, ಈಗ ಹೊರಗೆ ನಮ್ಮ ಜೊತೆ ಇದೆಯಲ್ಲ ಎನ್ನುವ ಬೆರಗು, ನಂಗೊತ್ತಿಲ್ಲ ಪುಟ್ಟಿ, ನೀನೇ ಓದಿ ಹೇಳು, ಗಂಟೆ ಹೊಡೆಯಿತು, ಬಾಗಿಲಲ್ಲಿ ವಿಲ್ಬರ್, ಎಲ್ಲಿ ನೋಡೋಣ, ಸ್ಶ್, ಸುಮ್ನಿರಿ ಮೇಷ್ಟ್ರೇ, ಕುರಿ ಏನೋ ಮಾಡಿರಬೇಕು, ಯೆನಿ ಒಬ್ಬಳೇ ಕಿಸಕ್ಕನೆ ನಕ್ಕಳು, ಅವಳಿಗೆ ಗೊತ್ತಾಗಿದೆ, ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಬೆರಳು ಅಂಚಿಗೆ ಬಂತು, ತಾನಾಗಿಯೇ ಎದ್ದಿತು, ಎಡಕ್ಕೆ ಹೊರಟಿದೆ, ಬೆರಳು