ಇಬ್ಬರು ಕೋಲ್ಮನ್

ಟೈಗ್ ಗುಂಡಿಯೊಳಗಿಂದಲೇ ತನ್ನ ಟೋಪಿಯನ್ನು ಮೇಲಕ್ಕೆ ಚಾಚಿದ. ಅದರೊಳಗೆ ಮೂರು ಬಿಳಿಗಲ್ಲು.

"ಮೊಣಕಾಲುದ್ದ ಅಗೆದಿರ್ಲಿಲ್ಲ ಡರ್ವ್ಲಾ, ಇವು ಬಂದ್ವು. ಕೂಸಿನ ಗುಂಡಿ ಮೇಲಿಡೋ ಕಲ್ಲು ಇವು, ಯಾರೋ ಕೂಸನ್ನ ಇಲ್ಲಿ ಹೂಳಿದಾರೆ. ಆ ಮೂಲೆ ನಾನು ಮುಟ್ಟಲ್ಲ ತಾಯಿ, ನಿಮ್ಮಪ್ಪನ್ನ ಒಂಚೂರು ಈಚೆಗೆ ಮಲಗಿಸೋಣ."

ಅಪ್ಪನ ಮಣ್ಣಿಗೆ ಇನ್ನು ಎರಡು ಗಂಟೆಯಿತ್ತು. ಗುಂಡಿ ತೋಡುವ ನೆರೆಯವರಿಗೆಂದು ತಂದ ವಿಸ್ಕಿ ಬಾಟಲಿ ಡರ್ವ್ಲಾಳ ಕೈಯಲ್ಲೇ ಉಳಿಯಿತು.

*

ನಲವತ್ತು ವರ್ಷ ಅಂಚೆ ಹಂಚಿದ ಅವಳ ಅಪ್ಪ ಕೋಲ್ಮನ್ ಡೇವಾನ್‌ಗೆ ತನ್ನ ಹುಟ್ಟಿನ ಗುರುತೊಂದು ಸಿಗಲಿಲ್ಲ ನೋಡಿ. ಚರ್ಚಿನ ಪುಸ್ತಕದಲ್ಲಿ ೧೯೩೮ರ ಕೋಲ್ಮನ್ ಇದ್ದ. ಅದು ಎಂಟು ತಿಂಗಳಿಗೇ ಕಣ್ಮುಚ್ಚಿದ ಅಣ್ಣ. ಸತ್ತ ಮಗುವಿನ ಹೆಸರನ್ನೇ ಮುಂದಿನದಕ್ಕೆ ಇಡುವುದು ಐರ್ಲೆಂಡಿನ ನಮ್ಮ ಕರಾವಳಿಯ ವಾಡಿಕೆ. ಹೆಸರು ಒಂದೇ ತಾನೇ ಎಂದು ಅವ್ವ ಅಣ್ಣನ ಹುಟ್ಟಿನ ಚೀಟಿಯನ್ನೇ ಶಾಲೆಗೂ ಕೊಟ್ಟಳು. ಅಪ್ಪ ಹುಟ್ಟಿದ ೧೯೪೦ರ ಹಾಳೆಗಳನ್ನು ಇಲಿ ತಿಂದಿತ್ತು. ಹೂಳಿದವರನ್ನಂತೂ ಆಗ ಯಾರೂ ಬರೆಯುತ್ತಿರಲಿಲ್ಲ.

"ಅವನ ಹುಟ್ಟುಹಬ್ಬದ ಕೇಕು ನಾನು ತಿಂತಿದೀನಿ ಕಣೇ," ಎನ್ನುತ್ತಿದ್ದ ಅಪ್ಪ. "ಬಾಗಿಲಲ್ಲಿ ನಿಂತು ನೋಡ್ತಾನೆ. ಸತ್ತ ಮೇಲಾದ್ರೂ ನನ್ನನ್ನ ನಾನಾಗೇ ಹೂಳು."

ಯಾವ ಬಾಗಿಲಾದರೂ ಸರಿ, ಯಾರಿಗೋ ಜಾಗ ಬಿಟ್ಟವನಂತೆ ಅಪ್ಪ ಮೈ ಓರೆ ಮಾಡಿಯೇ ದಾಟುತ್ತಿದ್ದ. ನೋಡಿ ನೋಡಿ ಡರ್ವ್ಲಾಳಿಗೂ ಅದೇ ಅಭ್ಯಾಸವಾಗಿತ್ತು.

*

ಮಣ್ಣು ಮುಗಿದ ಮೇಲೆ ಚರ್ಚಿನ ಒಳಕೋಣೆಯಲ್ಲಿ ಅಪ್ಪನ ಅಕ್ಕ ವಿನ್ನಿ ಕಲ್ಲುಗಳನ್ನು ಸವರುತ್ತ ಕೂತಳು.

"ತೊರೇಲಿ ನಾನೇ ಆರಿಸಿ ಕೊಟ್ಟಿದ್ದು. ಕೂಸನ್ನ ಎಲ್ಲಿಟ್ಟೆ ಅಂತ ಅವ್ವ ಸಾಯೋವರೆಗೂ ಬಾಯಿ ಬಿಡಲಿಲ್ಲ."

ಪಾದ್ರಿಗಳು ಹೂಳಿದವರ ಪುಸ್ತಕ ಬಿಡಿಸಿ ಪೆನ್ನು ತೆಗೆದರು. "ಚೀಟೀಲಿ ೧೯೩೮ ಅಂತಿದೆ. ಹಾಗೇ ಬರ್ಕೊಳ್ಳಲಾ?"

"ಆ ವರ್ಷದ ಕೋಲ್ಮನ್ನೂ ಅಲ್ಲೇ ಇದಾನೆ ಪಾದ್ರಿಗಳೇ," ಎಂದಳು ಡರ್ವ್ಲಾ. "ಮೊದಲು ಅವನನ್ನ ಬರೀರಿ. ಆಮೇಲೆ ನಮ್ಮಪ್ಪನ್ನ."

"ನಿಮ್ಮಪ್ಪ ಹುಟ್ಟಿದ್ದಕ್ಕೆ ಕಾಗದ ಬೇಕಲ್ಲಮ್ಮ?"

"ಕಾಗದವಂತೆ ಕಾಗದ!" ವಿನ್ನಿ ರೇಗಿದಳು. "ಆಲೂಗಡ್ಡೆ ಕೀಳೋ ದಿನ ಹುಟ್ಟಿದ, ನಲವತ್ತರಲ್ಲಿ. ಬಿಸಿನೀರು ಕಾಯಿಸಿದೋಳು ನಾನು. ಬರ್ಕೊಳ್ಳಿ ಸ್ವಾಮಿ!"

ಪಾದ್ರಿಗಳು ಅವಳನ್ನೊಮ್ಮೆ ನೋಡಿ ಬರೆದರು. ಎರಡು ಸಾಲು, ಒಂದೇ ಹೆಸರು. ಡರ್ವ್ಲಾ ಎರಡನ್ನೂ ಬೆರಳಿಟ್ಟು ಓದಿದಳು.

ಆಮೇಲೆ ಕಲ್ಲುಗಳನ್ನು ಅದೇ ಮೂಲೆಯಲ್ಲಿಡಲೆಂದು ಎತ್ತಿಕೊಂಡು ಹೊರಟಳು. ಬಾಗಿಲು ಬಂತು. ಅವಳು ಓರೆಯಾಗಲಿಲ್ಲ, ನಟ್ಟನಡುವೆ ದಾಟಿದಳು.