ಆರನೆಯ ಹೆಸರು

ಎಲ್ವಿಯಾ ಬಕೆಟ್ಟಿನ ಕೊತ್ತಂಬರಿಯನ್ನು ಬುಡಸಮೇತ ಕಿತ್ತು, ಬೇರಿಗಂಟಿದ ಮಣ್ಣನ್ನು ಮತ್ತೆ ಬಕೆಟ್ಟಿಗೇ ಕೊಡವುತ್ತಿದ್ದಳು. ಹಸಿ ವಾಸನೆ ಚರ್ಚಿನ ನೆಲಮಾಳಿಗೆಯನ್ನೆಲ್ಲ ತುಂಬಿತು.

"ಬೆಳೆದಿರೋ ಸೊಪ್ಪನ್ನ ಯಾಕೆ ಕೀಳ್ತಿದೀಯೇ?" ಎನ್ನುತ್ತ ಲೋವೀನಾ ಮೆಟ್ಟಿಲಿಳಿದು ಬಂದಳು. ಸತ್ತ ಓರಿಯ ಅಕ್ಕ, ಎಂಬತ್ತೆರಡು ದಾಟಿದ್ದರೂ ಗೋಡೆ ಹಿಡಿಯದೆ ಇಳಿಯುವ ಮುದುಕಿ.

"ಈ ಮಣ್ಣು ದೊನ್ ಓರಿ ತಂದಿದ್ದು, ಅಮ್ಮ. ನಾನಂತೂ ರಸ್ತೆ ದಾಟೋ ಹಾಗಿಲ್ಲ. ನೀವಾದ್ರೂ ಇದನ್ನ ಅವರ ಗುಂಡಿಗೆ ಹಾಕಿ."

ಸ್ಮಶಾನವಿದ್ದದ್ದು ರಸ್ತೆಯ ಆಚೆ ಬದಿಗೆ, ಚರ್ಚಿನ ಬಾಗಿಲಿನಿಂದ ಎಪ್ಪತ್ತು ಹೆಜ್ಜೆ. ಹದಿನೇಳು ವರ್ಷ ಅಮೆರಿಕದ ಓಹಾಯೋದ ಕೋಳಿ ಕಾರ್ಖಾನೆಯಲ್ಲಿ ದುಡಿದವಳನ್ನು ಹುಟ್ಟಿದ ದೇಶ ಹೊಂಡುರಾಸಿಗೆ ಅಟ್ಟಬೇಕೆಂಬ ಆದೇಶವಾಗಿ ಮೂರು ವರ್ಷ ಕಳೆದಿತ್ತು. ಆ ಮೂರು ವರ್ಷವೂ ಅವಳು ಈ ನೆಲಮಾಳಿಗೆಯಲ್ಲೇ ಇದ್ದಳು. ದೇವರ ಮನೆ ಹೊಕ್ಕು ಯಾರನ್ನೂ ಹಿಡಿಯಬಾರದೆಂಬ ವಾಡಿಕೆಗೆ ಕಟ್ಟುಬಿದ್ದು ವಲಸೆ ಇಲಾಖೆಯವರು ಚರ್ಚಿನ ಹೊಸ್ತಿಲು ತುಳಿದಿರಲಿಲ್ಲ. ಹೊಸ್ತಿಲಾಚೆ ಸಿಕ್ಕರೆ ಬಿಡುವವರೂ ಅಲ್ಲ. ಬೆಳಗಿನಿಂದ ಅವರ ಬೂದು ಕಾರು ರಸ್ತೆಯಂಚಿನಲ್ಲಿ ನಿಂತಿತ್ತು.

*

ಓರಿ ನುಸ್‌ಬಾಮ್ ಚರ್ಚಿನ ಕೆಲಸದವನು. ನೆಲ ಒರೆಸುತ್ತಿದ್ದ, ಚಳಿಗಾಲದಲ್ಲಿ ಒಲೆಗೆ ಬೆಂಕಿ ಹೂಡುತ್ತಿದ್ದ, ಸತ್ತವರಿಗೆ ಗುಂಡಿ ತೋಡುತ್ತಿದ್ದ. ಪ್ರವಚನ ಶುರುವಾದರೆ ನಿದ್ದೆ ಹೋಗುತ್ತಿದ್ದ. ಎಡಗಾಲು ಕುಂಟು, ಮದುವೆಯಿಲ್ಲ, ಮನೆತುಂಬ ಕೋಳಿ. ಅವನ ಬಗ್ಗೆ ಊರಿಗೆ ಗೊತ್ತಿದ್ದದ್ದು ಅಷ್ಟು. ಎಲ್ವಿಯಾ ಮಾತ್ರ ತನ್ನ ನುಡಿಯಲ್ಲಿ ಗೌರವದಿಂದ ಅವನನ್ನು 'ದೊನ್' ಎನ್ನುತ್ತಿದ್ದಳು.

ಎಲ್ವಿಯಾಳನ್ನು ಅಲ್ಲಿಗೆ ಕರೆತಂದವನೂ ಅವನೇ. ಪಿಕಪ್ಪಿನಲ್ಲಿ ಮೇವಿನ ಮೂಟೆಗಳ ನಡುವೆ ಅವಳನ್ನು ಮಲಗಿಸಿ, ಮೇಲೆ ಟಾರ್ಪಾಲು ಹೊದಿಸಿದ್ದ.

"ಯಾರಾದ್ರೂ ತಡೆದ್ರೆ ನೀನೂ ಒಂದು ಮೂಟೆ," ಎಂದಿದ್ದ. "ಕೆಮ್ಮಬೇಡ ಮತ್ತೆ. ಕೆಮ್ಮೋ ಮೂಟೆ ನಮ್ಮೂರಲ್ಲಿ ಸಿಗಲ್ಲ."

ಹೆದರಿಕೆಯಲ್ಲೂ ಅವಳಿಗೆ ನಗು ಬಂದಿತ್ತು. ನಕ್ಕರೆ ಮೂಟೆ ಅಲುಗೀತೆಂದು ತುಟಿ ಕಚ್ಚಿಕೊಂಡಿದ್ದಳು.

ಮೊದಲ ವಸಂತದಲ್ಲಿ ಒಮ್ಮೆ, "ಮಣ್ಣು ಮುಟ್ಟಿ ಆರು ತಿಂಗಳಾಯ್ತು," ಎಂದು ಸುಮ್ಮನೆ ಅಂದಿದ್ದಳು. ಮರುದಿನ ಓರಿ ಕುಂಟುತ್ತ ಬಕೆಟ್ಟು ತುಂಬ ಮಣ್ಣು ಹೊತ್ತು ತಂದು ಕಿಟಕಿಯ ಕೆಳಗಿಟ್ಟು, ಒಲೆ ನೋಡಲು ಹೋದ.

*

"ಮಣ್ಣಿನ ವಿಷಯ ಆಮೇಲೆ," ಎನ್ನುತ್ತ ಲೋವೀನಾ ಕ್ಯಾಲೆಂಡರಿನ ಹಾಳೆಯೊಂದನ್ನು ಮುಂದೆ ಹಿಡಿದಳು. "ತನ್ನ ಶವದ ಪೆಟ್ಟಿಗೆ ಹೊರೋಕೆ ಅಂತ ಆರು ಜನರ ಹೆಸರು ಬರೆದಿಟ್ಟು ಹೋಗಿದಾನೆ. ಆರನೇದು ಓದು."

ಎಲ್ವಿಯಾ ಓದಿದಳು. ಇನ್ನೊಮ್ಮೆ ಓದಿದಳು. ತನ್ನ ಹೆಸರಿನ ಕೆಳಗೆ ಸಣ್ಣಗೆ ಬರೆದಿತ್ತು: 'ಅವಳಿಗೆ ಮನಸ್ಸಿದ್ದರೆ ಮಾತ್ರ.'

ಹಿಂದೆಯೇ ಬಂದ ಪಾಸ್ಟರ್ ಗೇಲನ್ ಬೆವರುತ್ತಿದ್ದರು. "ನಿಮ್ಮ ಅರ್ಜಿ ಇನ್ನೂ ಕೋರ್ಟಲ್ಲಿದೆ, ಎಲ್ವಿಯಾ. ಇಷ್ಟು ದಿನ ಕಾಪಾಡಿಕೊಂಡಿದ್ದು ಇವತ್ತು ನೀರಿಗೆ ಹಾಕಿದ ಹಾಗಾಗುತ್ತೆ. ಒಂದು ಹಿಡಿ ಮಣ್ಣು ಇಲ್ಲೇ ಪೆಟ್ಟಿಗೆ ಮೇಲೆ ಹಾಕಿ, ಸಾಕು. ನಿಮ್ಮ ಬದಲು ನನ್ನ ತಮ್ಮ ಹಿಡೀತಾನೆ." ಬೆವರೊರೆಸಿಕೊಂಡು ಸೇರಿಸಿದರು, "ಅಲ್ಲದೆ ನೀವು ಗಿಡ್ಡ. ಪೆಟ್ಟಿಗೆ ಒಂದು ಕಡೆ ವಾಲುತ್ತೆ."

"ವಾಲ್ಲಿ ಬಿಡಿ," ಎಂದಳು ಲೋವೀನಾ. "ಬದುಕಿದ್ದಾಗ ಅವನೇನು ನೆಟ್ಟಗೆ ನಡೀತಿದ್ನಾ?"

ಎಲ್ವಿಯಾ ಕೈಯ ಮಣ್ಣನ್ನು ತೊಳೆಯಲಿಲ್ಲ. ಹಾಗೆಯೇ ಬಕೆಟ್ಟೆತ್ತಿಕೊಂಡು ಮೆಟ್ಟಿಲು ಹತ್ತಿದಳು.

ಬಾಗಿಲಲ್ಲಿ ಲೋವೀನಾ ಬಕೆಟ್ಟನ್ನು ಕಸಿದುಕೊಂಡಳು. ಎಲ್ವಿಯಾ ಪೆಟ್ಟಿಗೆಯ ಆರನೆಯ ಹಗ್ಗದ ಹಿಡಿಯನ್ನು ಮುಷ್ಟಿಗೆ ಸುತ್ತಿ ಹೊಸ್ತಿಲು ದಾಟಿದಳು. ಬಿಸಿಲು ಮುಖಕ್ಕೆ ಹೊಡೆಯಿತು. ಶವಸಂಸ್ಕಾರಕ್ಕೆ ಬಂದಿದ್ದ ಇನ್ನೂರು ಜನ ಪೆಟ್ಟಿಗೆಗಿಂತ ಮೊದಲೇ ಹೊರಬಂದು ರಸ್ತೆಗಡ್ಡಲಾಗಿ ಎರಡು ಸಾಲು ನಿಂತಿದ್ದರು. ಹಾಗೆ ನಿಲ್ಲಿರೆಂದು ಯಾರೂ ಹೇಳಿರಲಿಲ್ಲ. ಭುಜಕ್ಕೆ ಭುಜ ತಾಗಿತ್ತು, ನಡುವೆ ಪೆಟ್ಟಿಗೆಗಷ್ಟೇ ದಾರಿ. ಯಾರೋ ಹಾಡೆತ್ತಿದರು, ಗಂಡಸರ ದನಿ ನೆಲದೊಳಗಿಂದ ಬಂದಂತೆ ಅದರಡಿ ಸೇರಿಕೊಂಡಿತು.

ಬೂದು ಕಾರಿನಿಂದ ಅಧಿಕಾರಿಯೊಬ್ಬ ಇಳಿದ.

"ಸ್ವಲ್ಪ ಜಾಗ ಬಿಡಿ."

"ಹೆಣ ಹೋಗ್ತಾ ಇದೆ ಸ್ವಾಮಿ," ಎಂದ ಸಾಲಿನಲ್ಲಿದ್ದ ಹಾಲು ಮಾರುವ ರೈತ, ತಿರುಗಿಯೂ ನೋಡದೆ.

"ಎಷ್ಟು ಹೊತ್ತು?"

"ಇನ್ನೂ ಆರು ಚರಣ ಇದೆ. ಬರುತ್ತೆ ಅಂದ್ರೆ ನೀವೂ ಹಾಡಿ."

ಪೆಟ್ಟಿಗೆ ಎಡಕ್ಕೆ ವಾಲುತ್ತ, ಓರಿ ನಡೆಯುತ್ತಿದ್ದಂತೆಯೇ ಕುಂಟುತ್ತ ರಸ್ತೆ ದಾಟಿತು. ಎಲ್ವಿಯಾ ಎಪ್ಪತ್ತೂ ಹೆಜ್ಜೆ ಎಣಿಸಿದಳು.

ಗುಂಡಿಗೆ ಮೊದಲು ಬಿದ್ದದ್ದು ಬಕೆಟ್ಟಿನ ಮಣ್ಣು. ಆಮೇಲೆ ಅಲ್ಲಿನ ವಾಡಿಕೆಯಂತೆ ಸಲಿಕೆ ಕೈಯಿಂದ ಕೈಗೆ ಹೋಯಿತು. ಎಲ್ವಿಯಾಳ ಕೈಗೆ ಬಂದದ್ದು ಮಾತ್ರ ಬೇಗ ಮುಂದೆ ಹೋಗಲಿಲ್ಲ. ಮೂರು ವರ್ಷ ಬಲ ಕೂಡಿಟ್ಟ ತೋಳು ಅವು. ಪಕ್ಕದ ಮಣ್ಣಿನ ಗುಡ್ಡೆ ಕರಗಿ, ನೆಲ ಸಮವಾಗುವವರೆಗೆ ಅವಳು ಎಳೆದು ಹಾಕಿದಳು. ಕಿವಿಯವರೆಗೂ ಕೆಂಪಾಗಿ, ಏದುಸಿರು ಬಿಡುತ್ತ, ಮುಖವೆತ್ತಿ ಆಕಾಶ ನೋಡಿ ಜೋರಾಗಿ ಕೆಮ್ಮಿದಳು.

"ಮೂಟೆ ಕೆಮ್ತಪ್ಪಾ," ಎಂದಳು ಲೋವೀನಾ. ಓರಿ ಆ ಕತೆಯನ್ನು ಅಕ್ಕನಿಗೆ ಹೇಳಿದ್ದ. ಇಬ್ಬರೂ ನಕ್ಕರು, ನಗುತ್ತಲೇ ಮುದುಕಿ ಕಣ್ಣೊರೆಸಿಕೊಂಡಳು.

ಪಾಸ್ಟರ್ ಅವಸರದಲ್ಲಿ ಹತ್ತಿರ ಬಂದು ಪಿಸುಗುಟ್ಟಿದರು. "ಸ್ಮಶಾನದ ಹಿಂದಿನ ಗೇಟಲ್ಲಿ ಓರಿಯ ಪಿಕಪ್ಪು ನಿಲ್ಲಿಸಿದೀನಿ. ಟಾರ್ಪಾಲೂ ಇದೆ. ಮಲಗಿಬಿಡಿ, ಎರಡೇ ನಿಮಿಷಕ್ಕೆ ಚರ್ಚೊಳಗೆ ಇರ್ತೀರಿ."

ಎಲ್ವಿಯಾ ರಸ್ತೆಯತ್ತ ನೋಡಿದಳು. ಹಾಡು ಯಾವಾಗಲೋ ಮುಗಿದಿತ್ತು. ಸಾಲು ಕದಲಿರಲಿಲ್ಲ, ಚರ್ಚಿನ ಬಾಗಿಲವರೆಗೆ ನಡುವಿನ ದಾರಿ ಹಾಗೇ ಇತ್ತು. ಅದರಾಚೆ ಅಧಿಕಾರಿ ಕಾರಿಗೊರಗಿ ನಿಂತೇ ಇದ್ದ. ಅವಳು ಖಾಲಿ ಬಕೆಟ್ಟನ್ನೆತ್ತಿ ತೋಳಿಗೆ ಸಿಕ್ಕಿಸಿಕೊಂಡಳು.

"ಬೇಡ," ಎಂದಳು. "ನಡ್ಕೊಂಡೇ ಬರ್ತೀನಿ."