ಕೈಬರಹ ಗುರುತಿಸಿದವರು

"ಬಾಯ್ಮುಚ್ಕೊಂಡಿರು ಅಂದ್ನಲ್ಲ," ಎನ್ನುತ್ತ ಹರ್ತಾದಿ ತಂಗಿಯ ಕೈ ಬಿಗಿಯಾಗಿ ಹಿಡಿದು ಅಡಿಗೆಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ. ಅಂಗಳದಲ್ಲಿ ಅಪ್ಪನಿಗೆ ಸ್ನಾನ ಮುಗಿದು, ಬಿಳಿ ಬಟ್ಟೆ ಸುತ್ತಿ, ಚಟ್ಟದ ಮೇಲೆ ಮಲಗಿಸಿ ಆಗಿತ್ತು.

"ಅಪ್ಪನೇ ಹೇಳು ಅಂದಿದ್ದು ಅಣ್ಣಾ," ಎಂದಳು ವಿನಾರ್ತಿ. "ಮೋದಿನ್ ಕೇಳೋಕ್ಮುಂಚೆ ಹೇಳ್ಬೇಕು."

ಮೋದಿನ್ ಎಂದರೆ ಕೇರಿಯಲ್ಲಿ ಪ್ರಾರ್ಥನೆ ನಡೆಸುವ ಹಿರಿಯರು. ಮಣ್ಣಿಗೆ ಒಯ್ಯುವ ಮುಂಚೆ ಅವರು ನೆರೆದವರನ್ನು ಕೇಳುತ್ತಾರೆ: ಈತ ಒಳ್ಳೆಯವನಾಗಿದ್ದನೇ? 'ಒಳ್ಳೆಯವರು' ಎಂದು ಎಲ್ಲರೂ ಅನ್ನಬೇಕು. ಜಕಾರ್ತಾದ ಆ ಕೇರಿಯಲ್ಲಿ ಎಂಥೆಂಥ ಕೇಡಿಗಳಿಗೂ ಜನ ಹಾಗೆ ಅಂದು ಕಳಿಸಿದ್ದರು. ಹೋಗುವವನ ಜೊತೆಗೆ ಹೋಗುವುದು ಆ ಸಾಕ್ಷಿ ಒಂದೇ.

"ಇಡೀ ಕಚೇರಿ ಬಂದು ಕೂತಿದೆ. ಅವರ ಮುಂದೆ ಅಪ್ಪನ ಮಾನ ಹರಾಜು ಹಾಕ್ತೀಯಾ? ಲೆಗಿಮಿನ್ ದೊಡ್ಡಪ್ಪ ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದಾರೆ. ಇದ್ರಿಂದ ಆ ಮುದುಕರಿಗೇನು ಸಿಗತ್ತೆ?"

"ಎಲ್ಲರಿಗಿಂತ ಜೋರಾಗಿ ಒಳ್ಳೆಯವನು ಅನ್ನೋರು ಅವರೇ. ಅಪ್ಪ ಹೆದರಿದ್ದು ಅದಕ್ಕೇ."

*

ಅಪ್ಪ ವಾರ್ದೊಯೊ, ಭಾಷಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಪದಗಳ ಕಾರ್ಡು ಕಾಯ್ದವರು. ನೂರಾರು ಭಾಷೆಯ ದೇಶಕ್ಕೆ ಒಂದು ಭಾಷೆ ಕಟ್ಟಿಕೊಡಲೆಂದು ಸರ್ಕಾರ ತೆರೆದ ಕಚೇರಿ ಅದು. ಯಾವ ಪದ ಸರಿ, ಯಾವುದು ತಪ್ಪು, ಹೊಸ ವಸ್ತುವಿಗೆ ಏನೆಂದು ಹೆಸರಿಡಬೇಕು, ಎಲ್ಲ ಅಲ್ಲೇ ತೀರ್ಮಾನ. ಮಂತ್ರಿ ಬದಲಾದಂತೆ ಹೊರಗಿನ ಹೆಸರಿನ ಹಲಗೆಯೂ ಬದಲಾಗುತ್ತಿತ್ತು. ಒಳಗಿನ ಮರದ ಡ್ರಾಯರುಗಳು ಮಾತ್ರ ಅವೇ. ಪದಕ್ಕೊಂದು ಕಾರ್ಡು, ಎಲ್ಲವೂ ಕೈಬರಹ. ಬರೆದವರು ಯಾರೆಂದು ವಾರ್ದೊಯೊ ಒಂದೇ ನೋಟಕ್ಕೆ ಹೇಳುತ್ತಿದ್ದರು. ಪಾಪ, ಅವರಿಗಿದ್ದ ಹೆಮ್ಮೆ ಅದೊಂದೇ.

ಸಾವಿರದ ಒಂಬೈನೂರ ಅರವತ್ತೈದರ ಕೊನೆಯಲ್ಲಿ, ದೇಶದಲ್ಲೆಲ್ಲ ಕಮ್ಯುನಿಸ್ಟರನ್ನು ಹಿಡಿದು ಒಯ್ಯುತ್ತಿದ್ದಾಗ, ಸೈನಿಕರು ಬಂದು, ಸರ್ಕಾರದ ವಿರುದ್ಧ ಬರೆದ ಒಂದು ಕರಪತ್ರವನ್ನು ಅವರ ಮೇಜಿನ ಮೇಲಿಟ್ಟರು. ಯಾರ ಅಕ್ಷರ? ಹೆದರಿಕೆಯೋ, ಅದೇ ಹಾಳು ಹೆಮ್ಮೆಯೋ, "ಲೆಗಿಮಿನ್‌ದು" ಅಂದುಬಿಟ್ಟರು. ಪಕ್ಕದ ಮೇಜಿನ ಗೆಳೆಯ. ಆ ಮಧ್ಯಾಹ್ನವೇ ಅವರನ್ನು ಲಾರಿ ಹತ್ತಿಸಿದರು. ಊರಿನ ಜೈಲು, ಆಮೇಲೆ ದೂರದ ದ್ವೀಪದ ಸೆರೆ, ಒಟ್ಟು ಹದಿನಾಲ್ಕು ವರ್ಷ.

ಎಪ್ಪತ್ತೆರಡರಲ್ಲಿ ಸರ್ಕಾರ ದೇಶದ ಭಾಷೆಯ ಕಾಗುಣಿತವನ್ನೇ ಬದಲಾಯಿಸಿತು. ಹಳೆಯ ಕಾರ್ಡುಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಆಗ ಒಂದು ಡ್ರಾಯರಿನ ತಳದಲ್ಲಿ, ಎಂದೋ ಸತ್ತುಹೋಗಿದ್ದ ಗುಮಾಸ್ತನೊಬ್ಬನ ಕಾರ್ಡುಗಳ ಕಟ್ಟು ಸಿಕ್ಕಿತು. ನೋಡಿದೊಡನೆ ವಾರ್ದೊಯೊಗೆ ಗೊತ್ತಾಯಿತು. ಕರಪತ್ರದ ಅಕ್ಷರ ಇವನದು, ಲೆಗಿಮಿನ್‌ದಲ್ಲ. ಸಂಜೆಯವರೆಗೆ ಕೂತು ಅಷ್ಟನ್ನೂ ಹೊಸದಾಗಿ ಬರೆದು, ಹಳೆಯದನ್ನು ಹರಿದುಹಾಕಿ ಮನೆಗೆ ಬಂದರು. ಲೆಗಿಮಿನ್ ಇನ್ನೂ ಏಳು ವರ್ಷ ಆ ದ್ವೀಪದಲ್ಲೇ ಇದ್ದರು.

"ಹೇಳೋಕೆ ಬಾಯೇ ಬರಲಿಲ್ಲ ಮಗಳೇ," ಎಂದಿದ್ದರು ಮೊನ್ನೆ ಬೆಳಿಗ್ಗೆ, ಉಸಿರೆಳೆಯುತ್ತ. "ಅವನು ವಾಪಸ್ ಬಂದ್ಮೇಲೆ ಯಾರೂ ಹತ್ರ ಸೇರಿಸ್ಲಿಲ್ಲ. ನಾನು ಅಕ್ಕಿ ಕೊಟ್ಟೆ, ಅವನ ಮಗಳ ಮದುವೇಲಿ ಓಡಾಡ್ದೆ. ಊರೆಲ್ಲಾ ನನ್ನ ಹೊಗಳ್ಕೊಂಡು ತಿರುಗ್ದ. ಅವನು ಹೊಗಳ್ದಾಗೆಲ್ಲ ನಾನು ಸತ್ತೆ. ನಾನು ಹೋದ್ಮೇಲೆ ಮೋದಿನ್ ಕೇಳೋ ಸಾಕ್ಷೀನ ಅವನ ಬಾಯಿಂದ ಮೋಸದಲ್ಲಿ ಹೇಳಿಸ್ಬೇಡ."

*

ಅಂಗಳದಲ್ಲಿ ಮೋದಿನ್ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ವಿನಾರ್ತಿ ಅಣ್ಣನ ಕೈ ಕೊಡವಿ ಹೊರಗೋಡಿದಳು. ಮೊದಲ ಸಾಲಿನಲ್ಲಿದ್ದ ಲೆಗಿಮಿನ್ ಅವಳ ಕೈ ಹಿಡಿದುಕೊಂಡರು.

"ಬಾ ಮಗಾ. ನಿಮ್ಮಪ್ಪನಂಥೋನು ಇನ್ನೊಬ್ಬ ಹುಟ್ಟಲ್ಲ."

"ದೊಡ್ಡಪ್ಪಾ, ಸೈನಿಕರಿಗೆ ನಿಮ್ಮ ಹೆಸರು ಹೇಳಿದ್ದು ಅಪ್ಪಾನೇ." ಕಿವಿಯಲ್ಲಿ ಹೇಳಬೇಕೆಂದುಕೊಂಡದ್ದು ಮೂರು ಸಾಲಿಗೆ ಕೇಳಿಸಿತು. "ಅಕ್ಷರ ತಪ್ಪಾಗಿ ಗುರುತು ಹಿಡಿದ್ರು. ತಪ್ಪು ಅಂತ ಎಪ್ಪತ್ತೆರಡರಲ್ಲೇ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ."

ಲೆಗಿಮಿನ್ ಅವಳ ಕೈ ಬಿಟ್ಟರು.

"ಎಪ್ಪತ್ತೆರಡು," ಎಂದರು. "ನನ್ನ ಹೆಂಡ್ತಿ ತೀರ್ಕೊಂಡಿದ್ದು ಎಪ್ಪತ್ನಾಲ್ಕರಲ್ಲಿ."

ಚಟ್ಟದ ಆಚೆ ಬದಿ ನಿಂತಿದ್ದು ಇದೊಂದೂ ಕೇಳಿಸದ ಮೋದಿನ್ ದನಿಯೆತ್ತಿದರು. "ಬಂಧುಗಳೇ, ವಾರ್ದೊಯೊ ಒಳ್ಳೆಯವರಾಗಿದ್ರಾ?"

ಮುಂದಿನವರು ಲೆಗಿಮಿನ್ ಮುಖ ನೋಡಿದರು, ಹಿಂದಿನವರು ಮುಂದಿನವರನ್ನು. ಮೋದಿನ್ ಇನ್ನೊಮ್ಮೆ ಕೇಳಿದರು. ಹರ್ತಾದಿ ಬಾಗಿಲಿಗೆ ಬಂದು ನಿಂತಿದ್ದ. ವಿನಾರ್ತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅದನ್ನ ಇವತ್ತು ನನ್ನ ಕೇಳ್ಬೇಡಿ," ಎನ್ನುತ್ತ ಲೆಗಿಮಿನ್ ಎದ್ದರು. "ಹೆಣ ಬಿಸಿಲಲ್ಲಿದೆ. ಎತ್ರಿ."

ಎದ್ದವರು ನೇರ ಹೋಗಿ ಚಟ್ಟದ ಮುಂದಿನ ಮೂಲೆಗೆ ಹೆಗಲು ಕೊಟ್ಟರು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹೊರುವವರು ಚಟ್ಟವನ್ನು ಎತ್ತಿ ಹಿಡಿಯಬೇಕು, ಸತ್ತವನ ಮಕ್ಕಳು ಅದರಡಿಯಲ್ಲಿ ಮೂರು ಸಲ ಹಾಯಬೇಕು, ಜಾವಾದವರ ಪದ್ಧತಿ. ಲೆಗಿಮಿನ್ ಮೊದಲೇ ಗಿಡ್ಡ ಆಳು, ಸೆರೆಯಲ್ಲಿ ಬೆನ್ನು ಬಾಗಿ ಇನ್ನೂ ಗಿಡ್ಡವಾಗಿದ್ದರು. ಆ ಮೂಲೆ ತಗ್ಗಿ ದೇಹ ಜಾರುವಂತಾಯಿತು. ಉಳಿದ ಮೂವರು ಮೊಣಕಾಲು ಬಗ್ಗಿಸಿ ಅವರ ಮಟ್ಟಕ್ಕೆ ಇಳಿದರು.

"ಸ್ವಲ್ಪ ಮೇಲೆ ಹಿಡೀರಿ," ಎಂದ ಹರ್ತಾದಿ.

"ನನ್ನ ಕೈಲಾಗೋದು ಇಷ್ಟೇ," ಎಂದರು ಲೆಗಿಮಿನ್, ನೆಲ ನೋಡುತ್ತ.

ತಗ್ಗಿದ ಚಟ್ಟದಡಿ ಹಾಯಲು ವಿನಾರ್ತಿ ಮಣ್ಣಿಗೆ ಮೊಣಕಾಲೂರಿದಳು. ಅವಳ ಹಿಂದೆ ಹರ್ತಾದಿಯೂ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಅಂಗೈ ಊರಿ, ಕಚೇರಿಯವರೆಲ್ಲ ನೋಡುತ್ತಿದ್ದಂತೆ, ಲೆಗಿಮಿನ್‌ರ ಕಾಲುಗಳ ಪಕ್ಕದಲ್ಲಿ ತೆವಳತೊಡಗಿದ.